ಕೆಲಸದಲ್ಲಿರುವ ನರ್ಸ್‌ಗಳನ್ನು ಮತ್ತೆ ಓದಿಗೆ ಕೂರಿಸುವುದು ಹೇಗೆ? ಅಮೆರಿಕದ ಆರ್‌ಎನ್‌ಗಳಿಗೆ (ನೋಂದಾಯಿತ ನರ್ಸ್‌ಗಳಿಗೆ) ಬಿಎಸ್‌ಎನ್ (ನರ್ಸಿಂಗ್ ಪದವಿ) ದಾರಿಯ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ಮೂರು ಗಂಟೆ. ವಾರ್ಡ್ ಸ್ವಲ್ಪ ತಣ್ಣಗಿತ್ತು. ಬ್ರೇಕ್ ರೂಮಿನಲ್ಲಿ ನಾನು, ನನ್ನ ಯೂನಿಟ್‌ನ ಒಬ್ಬ ನರ್ಸ್, ಇಬ್ಬರೇ ಕೂತಿದ್ದೆವು. ಅವಳು ಗೋಡೆಯ ಮೇಲಿದ್ದ ಪೋಸ್ಟರ್ ಕಡೆ ಕೈ ತೋರಿಸಿದಳು. ‘ಬಿಎಸ್‌ಎನ್ ಮುಗಿಸಿ, ಮುಂದೆ ಬನ್ನಿ’ ಎಂದು ದೊಡ್ಡ ಅಕ್ಷರದಲ್ಲಿತ್ತು. ಅಂಟಿಸಿದವಳು ನಾನೇ. ಅದರ ಕೆಳಗೆ ಹೆಸರು ಬರೆಯಲು ಒಂದು ಹಾಳೆ. ಆರು ವಾರವಾದರೂ ಅದು ಖಾಲಿ.

“ಅಕ್ಕಾ, ಇದನ್ನ ನೋಡಿದಾಗೆಲ್ಲ ಬೇಜಾರಾಗತ್ತೆ. ಹದಿನೇಳು ವರ್ಷದಿಂದ ಪೇಷಂಟ್ ನೋಡ್ತಾ ಇದೀನಿ. ಹಂಗಾದ್ರೆ ನಾನಿನ್ನೂ ಹಿಂದೇನೇ ಇದೀನಾ?”

ನನಗೆ ತಕ್ಷಣ ಮಾತು ಹೊರಡಲಿಲ್ಲ. ಯೂನಿಟ್‌ಗೆ ಹೊಸದಾಗಿ ಬಂದವರೆಲ್ಲ ಮೊದಲು ಪ್ರಶ್ನೆ ಕೇಳುವುದು ಅವಳನ್ನೇ. ಅಂಥವಳಿಗೆ ನನ್ನ ಪೋಸ್ಟರ್ ‘ನೀನು ಸಾಲದು’ ಎಂದು ಹೇಳುತ್ತಿತ್ತು. ಆ ದಿನವೇ ಅದನ್ನು ಕಿತ್ತು ತೆಗೆದೆ. ಮುಂದಿನ ವಾರ ಅವಳ ಪಕ್ಕ ಕೂತು ಹಳೆಯ ಕಾಲೇಜಿನ ಅಂಕಪಟ್ಟಿಗೆ ಅರ್ಜಿ ಹಾಕಿಸಿದೆ. ಎರಡು ವರ್ಷ ತುಂಬುವ ಮೊದಲೇ ಅವಳು ಪದವಿ ಮುಗಿಸಿದಳು.

ಅವಳಿಗೆ ಓದಲು ಮನಸ್ಸಿಲ್ಲ ಅಂತಿರಲಿಲ್ಲ. ಮೊದಲ ಒಂದು ಗಂಟೆ ಪಕ್ಕದಲ್ಲಿ ಕೂರುವವರು ಇರಲಿಲ್ಲ, ಅಷ್ಟೇ. ಚಾರ್ಜ್ ನರ್ಸ್, ಯೂನಿಟ್ ಮ್ಯಾನೇಜರ್, ಎಜುಕೇಟರ್, ಅಥವಾ ಸುಮ್ನೆ ಒಬ್ಬ ಹಿರಿಯ ಸಹೋದ್ಯೋಗಿ, ಯಾರಾದರೂ ಆ ಒಂದು ಗಂಟೆ ಕೊಡಬಹುದು. ಕೂತ ಮೇಲೆ ಏನು ಮಾಡಬೇಕು ಎಂದು ಒಂದೊಂದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡದ ನರ್ಸ್‌ಗಳಲ್ಲಿ ಡಿಪ್ಲೊಮಾ ಮಾಡಿ ಬಂದವರೂ ಇದ್ದೀರಿ. ನಾನೂ ಹಾಗೇ ಬಂದವಳು. ನಿಮಗೆ ಬೇಕಾದ ಮಾತನ್ನೂ ನಡುವೆ ಸೇರಿಸಿದ್ದೇನೆ.

ಹೆಜ್ಜೆ 1: ಮೊದಲು ನೀವು ವಿಷಯ ತಿಳಿದುಕೊಳ್ಳಿ

“ಯಾಕೆ ಓದಬೇಕು?” ಎಂದು ಕೇಳಿದಾಗ “ಈಗ ಎಲ್ಲರೂ ಮಾಡ್ತಿದಾರೆ” ಅಂದರೆ ಯಾರೂ ಬರಲ್ಲ.

ಅಮೆರಿಕದಲ್ಲಿ ಆರ್‌ಎನ್ ಆಗಲು ಮೂರು ದಾರಿ ಇವೆ. ಆಸ್ಪತ್ರೆ ನಡೆಸುವ ಶಾಲೆಯ ಡಿಪ್ಲೊಮಾ, ಕಮ್ಯುನಿಟಿ ಕಾಲೇಜಿನ ಎಡಿಎನ್ (ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ), ನಾಲ್ಕು ವರ್ಷದ ಬಿಎಸ್‌ಎನ್. ಮೂವರೂ ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಪರೀಕ್ಷೆ, ಸಿಗುವುದು ಒಂದೇ ಲೈಸೆನ್ಸ್. ಹಾಗಾಗಿ “ಲೈಸೆನ್ಸ್ ಒಂದೇ ಅಲ್ವಾ, ಮತ್ಯಾಕೆ ಓದು?” ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಈ ಚರ್ಚೆ ಹಳೆಯದು. ಎಡಿಎನ್ ಕೋರ್ಸ್ ಹುಟ್ಟಿದ್ದು 1950ರ ದಶಕದ ಆರಂಭದಲ್ಲಿ, ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಕೊರತೆ ಇದ್ದಾಗ. ವೃತ್ತಿಗೆ ಬರುವವರಿಗೆ ಪದವಿಯೇ ಇರಬೇಕು ಎಂದು ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಹೇಳಿದ್ದು 1965ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ವಾದ ನಿಂತಿಲ್ಲ.

2003ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರೋಗಿಗಳ ಲೆಕ್ಕ ನೋಡಿದರು. ಪದವಿ ಇರುವ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಜಾಸ್ತಿ ಇದ್ದಲ್ಲಿ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 5ರಷ್ಟು ಕಡಿಮೆ ಇತ್ತು. 2010ರಲ್ಲಿ ಆರೋಗ್ಯದ ವಿಷಯದಲ್ಲಿ ಸಲಹೆ ಕೊಡುವ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ಗುರಿ ಮುಂದಿಟ್ಟಿತು: 2020ರೊಳಗೆ ಶೇ. 80ರಷ್ಟು ನರ್ಸ್‌ಗಳಿಗೆ ಪದವಿ ಇರಬೇಕು. ಆ ಹೊತ್ತಿಗೆ ಗುರಿ ಮುಟ್ಟಲಿಲ್ಲ. ಆದರೆ 2022ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 70 ದಾಟಿತ್ತು. ನ್ಯೂಯಾರ್ಕ್ ರಾಜ್ಯ 2017ರ ಡಿಸೆಂಬರ್‌ನಲ್ಲಿ ಕಾನೂನನ್ನೇ ಮಾಡಿತು. ಹೊಸದಾಗಿ ಲೈಸೆನ್ಸ್ ಪಡೆಯುವವರು ಹತ್ತು ವರ್ಷದೊಳಗೆ ಪದವಿ ಮುಗಿಸಬೇಕು. ಕಾನೂನು ಬರುವ ಮೊದಲೇ ಲೈಸೆನ್ಸ್ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಅಂಥವರನ್ನು ಈ ಕಾನೂನು ತೋರಿಸಿ ಹೆದರಿಸಬೇಡಿ.

ಇನ್ನೊಂದು ಮಾತು. ಐಕೆನ್ ಅಧ್ಯಯನ ಇಡೀ ಆಸ್ಪತ್ರೆಯ ಲೆಕ್ಕ. ‘ಎಡಿಎನ್ ಮಾಡಿದ ಈ ನರ್ಸ್ ಕಡಿಮೆ’ ಎಂದು ಅದು ಎಲ್ಲೂ ಹೇಳಿಲ್ಲ. ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೇಳುವವರು ಮನಸ್ಸಿನಲ್ಲಿ ಹಾಗೇ ಅಂದುಕೊಳ್ಳುತ್ತಾರೆ.

ಹೆಜ್ಜೆ 2: ಮಾತು ಶುರು ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲೇ. ಸ್ಟಾಫ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಹೇಳಬೇಡಿ. ವಾರ್ಷಿಕ ಮೌಲ್ಯಮಾಪನದಲ್ಲಿ ‘ಸುಧಾರಿಸಬೇಕಾದ ಅಂಶ’ ಎಂದು ಬರೆಯಲೇಬೇಡಿ. ಓದು ಶಿಕ್ಷೆಯ ಥರ ಕಾಣಿಸಿದರೆ ಬಾಗಿಲು ಮುಚ್ಚಿದಂತೆಯೇ. ಒಬ್ಬೊಬ್ಬರನ್ನೇ, ಬಿಡುವಾಗಿದ್ದಾಗ ಮಾತಾಡಿಸಿ.

ಮೊದಲ ಮಾತು ಕೋರ್ಸಿನ ಬಗ್ಗೆ ಆಗಬಾರದು. ಅವರು ಮಾಡಿದ ಒಂದು ಕೆಲಸದ ಬಗ್ಗೆ ಆಗಲಿ. ನಾನು ಅವಳಿಗೆ ಹೇಳಿದ್ದು ಹೀಗೆ: “ಹೋದ ತಿಂಗಳು ಹದಿನಾಲ್ಕನೇ ಬೆಡ್‌ನ ಅಜ್ಜ. ಮಾನಿಟರ್‌ನಲ್ಲಿ ಎಲ್ಲ ಸರಿ ಇತ್ತು. ನೀನು ಮೊಣಕಾಲು ಮುಟ್ಟಿ ನೋಡಿ, ತಣ್ಣಗಿದೆ, ಚರ್ಮ ಮಚ್ಚೆ ಮಚ್ಚೆ ಆಗ್ತಿದೆ ಅಂತ ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಕರೆದೆ. ಸೋಂಕು ಜೋರಾಗಿ ಸೆಪ್ಸಿಸ್ ಶುರುವಾಗಿತ್ತು. ಅದನ್ನ ಹೊಸಬರಿಗೆ ಹೇಳಿಕೊಡೋ ಕೆಲಸ ನಿನಗೇ ಸಿಗಬೇಕು. ಆದ್ರೆ ಎಜುಕೇಟರ್ ಹುದ್ದೆಗೆ ಅರ್ಜಿ ಹಾಕೋಕೆ ಪದವಿ ಕೇಳ್ತಾರೆ.”

ಮಾತು ತಿರುಗಿದ್ದು ಆಗ. ಪದವಿ ಅವಳ ಕೊರತೆ ತುಂಬಲು ಬೇಕು ಎಂದು ನಾನು ಹೇಳಲಿಲ್ಲ. ಅವಳ ಕೈಯಲ್ಲಿ ಈಗಾಗಲೇ ಇರುವುದು ಇನ್ನೊಬ್ಬರಿಗೆ ದಾಟಲು ಬೇಕು ಎಂದೆ.

ಆಮೇಲೆ ಕೇಳಿಸಿಕೊಳ್ಳಿ. ಸಾಮಾನ್ಯವಾಗಿ ಬರುವ ಉತ್ತರಗಳು ಇವು:

“ನಂಗೀಗ ನಲವತ್ತೆಂಟು ವರ್ಷ.” ಇದಕ್ಕೆ “ವಯಸ್ಸಿಗೇನು” ಎಂದು ಸುಮ್ನೆ ಸಮಾಧಾನ ಹೇಳಬೇಡಿ. ಲೆಕ್ಕ ಹಾಕಿ. ಇನ್ನೂ ಎಷ್ಟು ವರ್ಷ ಕೆಲಸ ಮಾಡುವ ಯೋಚನೆ? ಬೆನ್ನು, ಮಂಡಿ ಹೇಗಿವೆ? ರೋಗಿಯನ್ನು ಎತ್ತಿ ಇಳಿಸುವ ಕೆಲಸ ಅರವತ್ತರವರೆಗೂ ಆಗುತ್ತದಾ? ಕೇಸ್ ಮ್ಯಾನೇಜ್‌ಮೆಂಟ್, ಕ್ವಾಲಿಟಿ, ಇನ್ಫೆಕ್ಷನ್ ಕಂಟ್ರೋಲ್, ಶಾಲಾ ನರ್ಸ್, ಸಾರ್ವಜನಿಕ ಆರೋಗ್ಯ, ಇಂಥ ಕಡೆ ಹೆಚ್ಚಾಗಿ ಪದವಿ ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಸರ್ಟಿಫಿಕೇಟ್‌ಗೆ ಬಿಎಸ್‌ಎನ್ ಬೇಕು. ಒಳ್ಳೆಯ ನರ್ಸಿಂಗ್‌ಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ನರ್ಸ್ ಮ್ಯಾನೇಜರ್ ಆಗಲೂ ನರ್ಸಿಂಗ್ ಪದವಿ ಬೇಕು. ದೇಹ ಸೋಲುವ ಮೊದಲೇ ಇನ್ನೊಂದು ಬಾಗಿಲು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ಅನುಭವದಲ್ಲಿ ಸಂಬಳಕ್ಕಿಂತ ಈ ಮಾತೇ ಜಾಸ್ತಿ ನಾಟುತ್ತದೆ.

“ಸಂಬಳ ಜಾಸ್ತಿ ಆಗತ್ತಾ?” ನಿಜ ಹೇಳಿ. ಕೆಲವು ಆಸ್ಪತ್ರೆಗಳಲ್ಲಿ ಗಂಟೆಗೆ ಸ್ವಲ್ಪ ಸೇರಿಸಿ ಕೊಡುತ್ತಾರೆ, ಕೆಲವು ಕಡೆ ಬೆಡ್‌ಸೈಡ್ ಕೆಲಸಕ್ಕೆ ಒಂದು ಡಾಲರ್ ಕೂಡ ಸೇರಲ್ಲ. ನಿಮ್ಮಲ್ಲಿ ಹೇಗಿದೆ ಎಂದು ಎಚ್‌ಆರ್ ಬಳಿ ಮೊದಲೇ ಕೇಳಿಟ್ಟುಕೊಳ್ಳಿ.

“ಬರೆಯೋಕೆ ಬರಲ್ಲ.” ಇದನ್ನು ಯಾರೂ ನೇರವಾಗಿ ಹೇಳಲ್ಲ. “ಟೈಮ್ ಇಲ್ಲ” ಅಂತಾರೆ. ಅದರ ಹಿಂದೆ ಎಷ್ಟೋ ಸಲ ಬರವಣಿಗೆಯ ಭಯ ಇರುತ್ತದೆ. ಇಂಗ್ಲಿಷ್ ಎರಡನೇ ಭಾಷೆ ಆದವರಲ್ಲಂತೂ ಈ ಭಯ ದೊಡ್ಡದು. ಏಳನೇ ಹೆಜ್ಜೆಯಲ್ಲಿ ಇದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೊನೆಗೆ ಯಾರಾದರೂ “ನಂಗೆ ಬೇಡ” ಅಂದರೆ, ಬೇಡ. ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರಬಹುದು. ಮುಂದಿನ ವರ್ಷ ನಿವೃತ್ತಿ ಇರಬಹುದು. ಅವರ ಮೇಲಿನ ಗೌರವ ಒಂದು ಎಳೆಯೂ ಕಡಿಮೆ ಆಗಬಾರದು.

ಹೆಜ್ಜೆ 3: ಹಳೆಯ ಅಂಕಪಟ್ಟಿ ತರಿಸಿ

ಮನಸ್ಸು ಮಾಡಿದ ದಿನವೇ ಮಾಡುವ ಕೆಲಸ ಇದು. ಕಾಲೇಜು ಹುಡುಕಲು ಹೋಗಬೇಡಿ. ಕಂಪ್ಯೂಟರ್ ಮುಂದೆ ಪಕ್ಕಪಕ್ಕ ಕೂತು, ಅವರು ಹಿಂದೆ ಓದಿದ ಎಲ್ಲ ಕಾಲೇಜುಗಳಿಗೂ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕೋರಿ ಅರ್ಜಿ ಹಾಕಿ. ಒಂದೇ ಒಂದು ಸಬ್ಜೆಕ್ಟ್ ಓದಿ ಬಿಟ್ಟಿದ್ದ ಕಾಲೇಜನ್ನೂ ಬಿಡಬೇಡಿ. ಹಳೆಯ ಬಾಕಿ ಫೀಸು ಇದ್ದರೆ ಟ್ರಾನ್ಸ್‌ಕ್ರಿಪ್ಟ್ ಅಲ್ಲೇ ನಿಲ್ಲಬಹುದು. ಅದು ಈಗಲೇ ಗೊತ್ತಾಗುವುದು ಒಳ್ಳೆಯದು. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಅದರ ದಾಖಲೆಯೂ ಕೈಯಲ್ಲಿರಲಿ.

ಯಾಕೆ ಇದೇ ಮೊದಲು? ಪದವಿಗೆ ಸಾಮಾನ್ಯವಾಗಿ ಒಟ್ಟು 120 ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಲೆಕ್ಕ) ಬೇಕು. ಎಡಿಎನ್‌ನಲ್ಲಿ ಓದಿದ್ದು ಬಹುಪಾಲು ವರ್ಗಾವಣೆ ಆಗುತ್ತದೆ. ಆರ್‌ಎನ್ ಲೈಸೆನ್ಸ್ ಇದೆ ಎಂಬ ಕಾರಣಕ್ಕೇ ಎಷ್ಟೋ ಕಾಲೇಜುಗಳು ಒಂದಷ್ಟು ನರ್ಸಿಂಗ್ ಕ್ರೆಡಿಟ್ ಕೊಡುತ್ತವೆ. ಉಳಿಯುವುದು ಹಲವರಿಗೆ ಸುಮಾರು 30 ಕ್ರೆಡಿಟ್‌ನ ನರ್ಸಿಂಗ್ ಕೋರ್ಸ್, ಜೊತೆಗೆ ಬಿಟ್ಟುಹೋದ ಒಂದೆರಡು ಸಾಮಾನ್ಯ ವಿಷಯ. ಕೋರ್ಸಿಗೆ ಮೂರು ಕ್ರೆಡಿಟ್ ಎಂದುಕೊಂಡರೂ ಹತ್ತು ಕೋರ್ಸ್. ‘ಮತ್ತೆ ನಾಲ್ಕು ವರ್ಷ’ ಎಂದು ಹೆದರಿದವರಿಗೆ ‘ಹತ್ತು ಕೋರ್ಸ್’ ಎಂದು ಹಾಳೆಯ ಮೇಲೆ ಬರೆದು ತೋರಿಸಿ. ಅವಳು ಆ ಹಾಳೆಯನ್ನು ಮಡಚಿ ಬ್ಯಾಡ್ಜ್ ಹಿಂದೆ ಇಟ್ಟುಕೊಂಡಿದ್ದಳು. ಒಂದೊಂದು ಕೋರ್ಸ್ ಮುಗಿದಾಗಲೂ ತೆಗೆದು ಗೆರೆ ಎಳೆಯುತ್ತಿದ್ದಳು.

ಭಾರತದಲ್ಲಿ ಓದಿ ಬಂದವರು ಇದನ್ನು ಗಮನಿಸಿ. ಬಿಎಸ್‌ಸಿ ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿಎಸ್‌ಸಿ ಆಗಿದ್ದರೆ, ಇಲ್ಲಿ ಮತ್ತೆ ಬಿಎಸ್‌ಎನ್ ಸೇರುವ ಮೊದಲು ನಿಮ್ಮ ಪದವಿಯನ್ನು ಇಲ್ಲಿನದಕ್ಕೆ ಸಮ ಎಂದು ಒಪ್ಪುತ್ತಾರಾ ನೋಡಿ. ಒಪ್ಪಿದರೆ ನೀವು ಈ ಲೇಖನ ದಾಟಿ ನೇರ ಮಾಸ್ಟರ್ಸ್ ಕಡೆ ಯೋಚಿಸಬಹುದು. ಜಿಎನ್‌ಎಂ (ಭಾರತದ ನರ್ಸಿಂಗ್ ಡಿಪ್ಲೊಮಾ) ಆಗಿದ್ದರೆ ಕೋರ್ಸ್‌ವಾರು ಮೌಲ್ಯಮಾಪನ ವರದಿ ಬೇಕಾಗುತ್ತದೆ. ಎನ್‌ಕ್ಲೆಕ್ಸ್‌ಗೋ ವೀಸಾಕ್ಕೋ ಅಂದು ಹೊರದೇಶದ ನರ್ಸ್‌ಗಳ ಓದು ಪರಿಶೀಲಿಸುವ ಸಿಜಿಎಫ್‌ಎನ್‌ಎಸ್‌ನಿಂದ ಮಾಡಿಸಿದ ವರದಿ ಸಾಕಾಗುತ್ತದಾ, ಬೇರೆ ಬೇಕಾ ಎಂದು ಕಾಲೇಜನ್ನೇ ಕೇಳಿ. ದುಡ್ಡು ಕಟ್ಟುವ ಮೊದಲು ಕೇಳಿ. ಜಿಎನ್‌ಎಂ ಕ್ರೆಡಿಟ್‌ಗಳ ವಿಷಯದಲ್ಲಿ ಕಾಲೇಜಿನಿಂದ ಕಾಲೇಜಿಗೆ ತುಂಬಾ ವ್ಯತ್ಯಾಸ ಇದೆ. ಒಂದು ಕಡೆ “ಆಗಲ್ಲ” ಅಂದರೆ ಅಲ್ಲಿಗೇ ಕೈಬಿಡಬೇಡಿ. ನನಗೆ ಎರಡು ಕಡೆ ಆಗಲ್ಲ ಅಂದರು, ಮೂರನೆಯ ಕಡೆ ಆಯಿತು.

ಹೆಜ್ಜೆ 4: ಕಾಲೇಜು ಆರಿಸುವುದು

ಮೊದಲು ಮಾನ್ಯತೆ. ನರ್ಸಿಂಗ್ ಕೋರ್ಸಿಗೆ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ ನೋಡಿ. ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್‌ನ ಸಿಎನ್‌ಇಎ ಕೂಡ ಸರಿ. ಕಾಲೇಜಿನ ಜಾಹೀರಾತು ನಂಬದೆ ಆ ಸಂಸ್ಥೆಗಳ ಪಟ್ಟಿಯಲ್ಲೇ ಹುಡುಕಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ಮಾಸ್ಟರ್ಸ್ ಸೇರುವಾಗ ಕಷ್ಟ. ಕೆಲವು ಆಸ್ಪತ್ರೆಗಳು ಫೀಸು ಕೂಡ ವಾಪಸ್ ಕೊಡಲ್ಲ. ಆನ್‌ಲೈನ್ ಕಾಲೇಜು ಬೇರೆ ರಾಜ್ಯದ್ದಾದರೆ, ನಿಮ್ಮ ರಾಜ್ಯದವರನ್ನು ಸೇರಿಸಿಕೊಳ್ಳಲು ಅದಕ್ಕೆ ಅನುಮತಿ ಇದೆಯಾ ಎಂದೂ ಕೇಳಿ.

ಆಮೇಲೆ ಅಡ್ವೈಸರ್‌ಗೆ ಫೋನ್ ಮಾಡಿಸಿ. ಸ್ಪೀಕರ್ ಹಾಕಿಕೊಂಡು ನೀವೂ ಕೂತರೆ ಇನ್ನೂ ಒಳ್ಳೆಯದು. ಕೇಳಬೇಕಾದ್ದು: ನನ್ನ ಎಷ್ಟು ಕ್ರೆಡಿಟ್ ತೆಗೆದುಕೊಳ್ಳುತ್ತೀರಿ, ಬರೆದು ಕೊಡುತ್ತೀರಾ? ಒಂದು ಸಲಕ್ಕೆ ಒಂದೇ ಕೋರ್ಸ್ ತೆಗೆದುಕೊಳ್ಳಬಹುದಾ? ಒಂದು ಅವಧಿ ಬಿಟ್ಟು ಬಂದರೆ ಮತ್ತೆ ಅರ್ಜಿ ಹಾಕಬೇಕಾ? ಪ್ರಾಕ್ಟಿಕಮ್ (ಕೆಲಸದ ಜಾಗದಲ್ಲಿ ಮಾಡುವ ಅಭ್ಯಾಸ) ಎಷ್ಟು ಗಂಟೆ, ನನ್ನ ಆಸ್ಪತ್ರೆಯಲ್ಲೇ ಮಾಡಬಹುದಾ, ಅಲ್ಲಿ ಮಾರ್ಗದರ್ಶನ ಮಾಡುವ ಪ್ರಿಸೆಪ್ಟರ್‌ನನ್ನು ನಾನೇ ಹುಡುಕಬೇಕಾ? ಟ್ಯೂಷನ್ ಬಿಟ್ಟು ಬೇರೆ ಫೀಸು ಏನೇನಿದೆ?

ಕಲಿಸುವ ರೀತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಏಳೆಂಟು ವಾರದ ಕೋರ್ಸ್, ವಾರವಾರ ಗಡುವು. ಇನ್ನೊಂದು, ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಇರುವ ಥರ. ಅಲ್ಲಿ ಆರು ತಿಂಗಳಿಗೆ ಒಂದೇ ಫೀಸು. ಬೇಗ ಮುಗಿಸಿದಷ್ಟೂ ಖರ್ಚು ಕಡಿಮೆ. ತಾನಾಗಿ ಕೂತು ಓದುವವರಿಗೆ ಎರಡನೆಯದು ಚೆನ್ನ. ಆದರೆ ಬಹಳ ವರ್ಷ ಓದು ಬಿಟ್ಟವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ವಾರದ ಗಡುವು ಇಲ್ಲದಿದ್ದರೆ ಓದು ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬಾಕಿ ಇರುವ ಸಾಮಾನ್ಯ ವಿಷಯಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿದರೆ ಖರ್ಚು ಉಳಿಯುತ್ತದೆ. ಕೆಲವನ್ನು ಸಿಎಲ್‌ಇಪಿ ಅಥವಾ ಡಿಎಸ್‌ಎಸ್‌ಟಿ ಪರೀಕ್ಷೆ ಬರೆದೇ ಮುಗಿಸಬಹುದು. ಕಾಲೇಜು ಒಪ್ಪುತ್ತದಾ ಎಂದು ಮೊದಲು ಕೇಳಿಕೊಳ್ಳಿ.

ಹೆಜ್ಜೆ 5: ದುಡ್ಡಿನ ಲೆಕ್ಕ

ಆಸ್ಪತ್ರೆ ಫೀಸು ಕೊಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೇಗೆ ಕೊಡುತ್ತದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಎಚ್‌ಆರ್‌ನ ನಿಯಮದ ಪುಟಗಳನ್ನು ತರಿಸಿ, ಒಟ್ಟಿಗೆ ಓದಿ. ನೋಡಬೇಕಾದ್ದು ನಾಲ್ಕು: ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಗಿರಬೇಕು, ಯಾವ ಗ್ರೇಡ್ ಬರಬೇಕು, ಕೋರ್ಸಿಗೆ ಮೊದಲೇ ಅನುಮತಿ ಬೇಕಾ, ಮುಗಿದ ಮೇಲೆ ಎಷ್ಟು ಕಾಲ ಕೆಲಸ ಬಿಡಬಾರದು. ಆ ಅವಧಿಯೊಳಗೆ ಬಿಟ್ಟರೆ ಕೊಟ್ಟ ದುಡ್ಡು ವಾಪಸ್ ಕಟ್ಟಬೇಕಾಗಬಹುದು. ಇದನ್ನು ಮುಚ್ಚಿಟ್ಟು ಯಾರನ್ನೂ ಸೇರಿಸಬೇಡಿ.

ತೆರಿಗೆಯ ಒಂದು ಅಂಶ ತುಂಬಾ ಉಪಯೋಗಕ್ಕೆ ಬರುತ್ತದೆ. ಕಂಪನಿ ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಹಾಗಾಗಿ ಬಹಳಷ್ಟು ಆಸ್ಪತ್ರೆಗಳು ಅದೇ ಮೊತ್ತಕ್ಕೆ ಮಿತಿ ಹಾಕುತ್ತವೆ. ಉದಾಹರಣೆಗೆ, ಕ್ರೆಡಿಟ್‌ಗೆ 300 ಡಾಲರ್ ಎಂದುಕೊಳ್ಳಿ. 30 ಕ್ರೆಡಿಟ್‌ಗೆ 9,000 ಡಾಲರ್ ಆಯಿತು. ಎಲ್ಲವನ್ನೂ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಮುಗಿಸಿದರೆ 3,750 ಡಾಲರ್ ಕೈಯಿಂದ ಹೋಗುತ್ತದೆ. ಅದನ್ನೇ ಎರಡು ಕ್ಯಾಲೆಂಡರ್ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4,500. ಎರಡೂ ಮಿತಿಯೊಳಗೇ. ಜನವರಿಯ ಬದಲು ಬೇಸಿಗೆಯಲ್ಲೋ ಆಗಸ್ಟ್‌ನಲ್ಲೋ ಶುರು ಮಾಡಿದರೆ ಹೀಗೆ ಹಂಚುವುದು ಸುಲಭ.

ಇನ್ನೊಂದು ತೊಡಕು. ಹೆಚ್ಚಿನ ಕಡೆ ಮೊದಲು ನೀವು ಕಟ್ಟಬೇಕು, ಪಾಸಾದ ಮೇಲೆ ವಾಪಸ್ ಬರುತ್ತದೆ. ಮನೆ ಬಾಡಿಗೆ, ಮಕ್ಕಳ ಡೇಕೇರ್ ಕಟ್ಟುವವರಿಗೆ ದುಡ್ಡು ವಾಪಸ್ ಬರುವವರೆಗಿನ ಆ ತಿಂಗಳುಗಳೇ ಭಾರ. ನೀವು ಮ್ಯಾನೇಜರ್ ಆಗಿದ್ದರೆ ಆಸ್ಪತ್ರೆಯೇ ನೇರವಾಗಿ ಕಾಲೇಜಿಗೆ ಕಟ್ಟುವ ವ್ಯವಸ್ಥೆಗೆ ಒತ್ತಾಯಿಸಿ. ಅದು ಆಗುವವರೆಗೆ ಕಾಲೇಜಿನಲ್ಲಿ ಕಂತು ಅಥವಾ ಗಡುವು ಮುಂದೂಡುವ ಸೌಲಭ್ಯ ಇದೆಯಾ ಕೇಳಿ.

ಕೇಂದ್ರ ಸರ್ಕಾರದಿಂದ ಓದಿಗೆ ಸಹಾಯ ಕೇಳುವ ಎಫ್‌ಎಎಫ್‌ಎಸ್‌ಎ ಅರ್ಜಿಯನ್ನೂ ತುಂಬಿಸಿ. ಗ್ರೀನ್ ಕಾರ್ಡ್ ಇರುವವರೂ ಹಾಕಬಹುದು. ಎಚ್‌-1ಬಿ ವೀಸಾ ಮೇಲೆ ಇರುವವರಿಗೆ ಕೇಂದ್ರ ಸರ್ಕಾರದ ಸಹಾಯ ಸಿಗಲ್ಲ. ಪೆಲ್ ಗ್ರಾಂಟ್ ಆದಾಯ ನೋಡಿ ಕೊಡುವಂಥದ್ದು, ಮೊದಲ ಪದವಿಗೆ ಮಾತ್ರ. ಈಗಾಗಲೇ ಬಿ.ಎ., ಬಿ.ಕಾಂ. ಥರದ ಪದವಿ ಇದ್ದವರು ಅದರ ಮೇಲೆ ಭರವಸೆ ಇಡಬೇಡಿ. ಲೋನ್ ತೆಗೆದುಕೊಳ್ಳಲೇಬೇಕಾದರೆ ಮೊದಲು ಸರ್ಕಾರಿ ಲೋನ್ ನೋಡಿ. ಲಾಭರಹಿತ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾ ನಿಯಮದ ಪ್ರಕಾರ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಆಗುವ ಯೋಜನೆ ಇದೆ. ಖಾಸಗಿ ಲೋನ್‌ಗೆ ಅದು ಅನ್ವಯಿಸಲ್ಲ. ನರ್ಸ್‌ಗಳ ಕೊರತೆ ಇರುವ ಕಡೆ ಎರಡು ವರ್ಷ ಕೆಲಸ ಮಾಡಿದರೆ ನರ್ಸಿಂಗ್ ಓದಿನ ಬಾಕಿ ಸಾಲದ ಶೇ. 60 ತೀರಿಸುವ ನರ್ಸ್ ಕಾರ್ಪ್ಸ್ ಯೋಜನೆಯೂ ಇದೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ.

ಹೆಜ್ಜೆ 6: ಡ್ಯೂಟಿ ಪಟ್ಟಿ

ಮ್ಯಾನೇಜರ್‌ಗಳು, ಚಾರ್ಜ್ ನರ್ಸ್‌ಗಳು ಈ ಭಾಗವನ್ನು ನಿಧಾನವಾಗಿ ಓದಿ. ಇದರಲ್ಲಿ ನಾನೇ ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ.

ಅವರು ಬೇರೆ ಒಬ್ಬರು, ಇಬ್ಬರು ಪುಟ್ಟ ಮಕ್ಕಳ ತಾಯಿ. ಗುರುವಾರ ಓದಿಗೆ ಬಿಡುವು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಜ್ವರದ ಸೀಸನ್ ಬಂತು. ಜನ ಸಾಲಲಿಲ್ಲ. ಮೂರು ಗುರುವಾರ ಸಾಲಾಗಿ ಕರೆದೆ. ಅವರು ಒಂದು ಸಲವೂ ಇಲ್ಲ ಎನ್ನಲಿಲ್ಲ. ನಾಲ್ಕನೇ ವಾರ ಕೋರ್ಸ್ ಬಿಟ್ಟರು. ಗ್ರೇಡ್ ಬರದ ಕಾರಣ ಆ ಕೋರ್ಸಿನ ಫೀಸೂ ವಾಪಸ್ ಬರಲಿಲ್ಲ. ಅವರು ಮತ್ತೆ ಓದಿನ ಮಾತೆತ್ತಲಿಲ್ಲ. ಆ ಮೂರು ಗುರುವಾರಗಳನ್ನು ನಾನು ಮರೆತಿಲ್ಲ.

ಅಲ್ಲಿಂದ ಮುಂದೆ ನಾನು ಹೀಗೆ ಮಾಡುತ್ತೇನೆ. ಓದುವ ದಿನ ಬಾಯಿಮಾತಿನಲ್ಲಿ ಇರುವುದಿಲ್ಲ. ರಜೆಯ ಥರವೇ ಪಟ್ಟಿಯಲ್ಲಿ ಬರೆದಿರುತ್ತದೆ. ಜನ ಕಡಿಮೆಯಾದಾಗ ಮೊದಲು ಫೋನ್ ಮಾಡುವ ಹೆಸರುಗಳಲ್ಲಿ ಓದುತ್ತಿರುವವರು ಇರುವುದಿಲ್ಲ. ಅವರ ಕೋರ್ಸಿನ ಗಡುವುಗಳ ಪಟ್ಟಿಯನ್ನು ಎಂಟು ವಾರಕ್ಕೂ ಮೊದಲೇ ಕೇಳಿ ಇಟ್ಟುಕೊಳ್ಳುತ್ತೇನೆ. ದೊಡ್ಡ ಪೇಪರ್ ಇರುವ ವಾರ ಸಾಲಾಗಿ ಮೂರು ರಾತ್ರಿ ಹಾಕುವುದಿಲ್ಲ. ಉಳಿದವರಿಗೆ ಇದು ಪಕ್ಷಪಾತ ಅನ್ನಿಸಬಾರದು. ಹಾಗಾಗಿ ನಿಯಮ ಎಲ್ಲರಿಗೂ ಗೊತ್ತಿರಲಿ, ಯಾರು ಓದಿದರೂ ಇದೇ ಸಿಗಲಿ.

ಓದುವವರಿಗೂ ಒಂದು ಮಾತು. ಹನ್ನೆರಡು ಗಂಟೆ ಡ್ಯೂಟಿ ಇರುವ ದಿನ ಓದುವ ಪ್ಲಾನ್ ಹಾಕಬೇಡಿ. ಆಗಲ್ಲ. ಆಗದಿದ್ದಾಗ ಮನಸ್ಸು ಕುಗ್ಗುತ್ತದೆ. ಡ್ಯೂಟಿ ಇಲ್ಲದ ದಿನಗಳಲ್ಲಿ ಮೂರು ಮೂರು ಗಂಟೆಯ ಎರಡೋ ಮೂರೋ ಹೊತ್ತು ಗಟ್ಟಿ ಮಾಡಿಕೊಳ್ಳಿ. ಆನ್‌ಲೈನ್ ಕೋರ್ಸ್‌ಗಳಲ್ಲಿ ವಾರದ ನಡುವೆ ಒಂದು ಚರ್ಚೆಯ ಉತ್ತರ, ಭಾನುವಾರದೊಳಗೆ ಬೇರೆಯವರಿಗೆ ಪ್ರತಿಕ್ರಿಯೆ, ಹೀಗೆ ಗಡುವು ಇರುವುದು ಸಾಮಾನ್ಯ. ವಾರಾಂತ್ಯದ ಡ್ಯೂಟಿ ಇದ್ದರೆ ಶುಕ್ರವಾರವೇ ಹಾಕಿಬಿಡಿ.

ಮೊದಲ ಅವಧಿಗೆ ಒಂದೇ ಕೋರ್ಸ್. ಉತ್ಸಾಹದಲ್ಲಿ ಎರಡು ಬೇಡ. ಸ್ಟ್ಯಾಟಿಸ್ಟಿಕ್ಸ್ ಅಂತೂ ಮೊದಲೇ ಬೇಡ. ಅದನ್ನು ಆಸ್ಪತ್ರೆ ಸ್ವಲ್ಪ ತಣ್ಣಗಿರುವ ತಿಂಗಳಿಗೆ ಇಟ್ಟುಕೊಳ್ಳಿ.

ಆದರೆ ಒಬ್ಬರನ್ನೇ ಸೇರಿಸುವ ಬದಲು ಒಂದೇ ಯೂನಿಟ್‌ನ ಇಬ್ಬರು ಮೂವರನ್ನು ಒಂದೇ ಕಾಲೇಜಿಗೆ, ಒಂದೇ ಕೋರ್ಸಿಗೆ ಸೇರಿಸಿ. ಒಬ್ಬರು ಸುಸ್ತಾದ ವಾರ ಇನ್ನೊಬ್ಬರು “ಪೋಸ್ಟ್ ಹಾಕಿದ್ಯಾ?” ಎಂದು ಮೆಸೇಜ್ ಮಾಡುತ್ತಾರೆ. ನಾನು ನೂರು ಸಲ ಹೇಳಿದರೂ ಆ ಒಂದು ಮೆಸೇಜಿನಷ್ಟು ಕೆಲಸ ಆಗಲ್ಲ.

ಹೆಜ್ಜೆ 7: ಮೊದಲ ಪೇಪರ್ ದಾಟಿಸುವುದು

ಕೋರ್ಸ್ ಬಿಡುವವರು ಹೆಚ್ಚಾಗಿ ಮೊದಲ ಪೇಪರ್‌ನ ಹತ್ತಿರವೇ ಬಿಡುವುದನ್ನು ನೋಡಿದ್ದೇನೆ. ಇಪ್ಪತ್ತು ವರ್ಷದಿಂದ ಚಾರ್ಟಿಂಗ್ (ರೋಗಿಯ ದಾಖಲೆ ತುಂಬುವುದು) ಮಾಡಿದವರಿಗೆ ಎಪಿಎ ಎಂಬ ಕಾಲೇಜು ಬರಹದ ಶೈಲಿಯಲ್ಲಿ ಐದು ಪುಟ ಬರೆ ಅಂದರೆ ಕೈ ಕಾಲು ಆಡಲ್ಲ. ಹಾಗಾಗಿ ಆ ಪೇಪರ್ ಬರೆಯುವ ವಾರ ನೀವು ಪಕ್ಕದಲ್ಲಿ ಇರಲೇಬೇಕು.

ಮೊದಲು ರೂಬ್ರಿಕ್ ತೆಗೆಯಿರಿ. ಯಾವುದಕ್ಕೆ ಎಷ್ಟು ಅಂಕ ಎಂದು ಅದರಲ್ಲೇ ಇರುತ್ತದೆ. ಅದರ ಒಂದೊಂದು ಸಾಲನ್ನೂ ಖಾಲಿ ಪುಟದಲ್ಲಿ ತಲೆಬರಹವಾಗಿ ಹಾಕಿ. ಈಗ ಪುಟ ಖಾಲಿ ಅಲ್ಲ, ಚಾರ್ಟ್‌ನ ಥರ ತುಂಬಬೇಕಾದ ಜಾಗಗಳಿವೆ. ನರ್ಸ್‌ಗಳಿಗೆ ಅದು ಗೊತ್ತಿರುವ ಕೆಲಸ.

ವಿಷಯ ವಾರ್ಡಿನಿಂದಲೇ ಬರಲಿ. ಅವಳು ಆರಿಸಿಕೊಂಡದ್ದು ಅದೇ ಮೊಣಕಾಲಿನ ವಿಷಯ. ಮೊದಲು ನನಗೆ ಬಾಯಲ್ಲಿ ಹೇಳು ಅಂದೆ. ಅವಳು ಹೇಳುತ್ತಾ ಹೋದಳು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಕನ್ನಡ ಇಂಗ್ಲಿಷ್ ಎರಡೂ ಬೆರೆತಿತ್ತು. ರೋಗಿಯ ಹೆಸರು, ಗುರುತು ಯಾವುದೂ ಬರದಂತೆ ನೋಡಿಕೊಂಡೆವು. ಪೇಪರ್‌ನಲ್ಲೂ ಅಷ್ಟೇ ಎಚ್ಚರ ಬೇಕು. ಆಮೇಲೆ ಅದನ್ನು ಕೇಳಿಸಿಕೊಂಡು ಅವಳೇ ಇಂಗ್ಲಿಷ್‌ನಲ್ಲಿ ಬರೆದಳು. ಮೊದಲ ಪುಟ ಅಲ್ಲೇ ಆಯಿತು.

ಇನ್ನು ಹುಡುಕಾಟ. ಪ್ರಶ್ನೆಯನ್ನು ಪೈಕಾಟ್ ಕ್ರಮದಲ್ಲಿ ಕಟ್ಟಿಸಿ: ಯಾವ ರೋಗಿಗಳು, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನು ಫಲ, ಎಷ್ಟು ಸಮಯದಲ್ಲಿ. ಸುಮ್ನೆ ಗೂಗಲ್ ಬೇಡ. ಪಬ್‌ಮೆಡ್, ಸಿನಾಲ್ ಥರದ ಸಂಶೋಧನಾ ಲೇಖನಗಳ ಸಂಗ್ರಹ ತೆರೆದು ಹುಡುಕುವುದನ್ನು ಒಂದು ಸಲ ಮಾಡಿ ತೋರಿಸಿ. ಕಾಲೇಜಿನ ಲೈಬ್ರರಿಯವರಿಗೆ ಮೆಸೇಜ್ ಮಾಡಿದರೆ ಅವರೂ ಸಹಾಯ ಮಾಡುತ್ತಾರೆ. ಇದು ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಅವಳು ಹುಡುಕುವಾಗ ಚರ್ಮದ ಮಚ್ಚೆಗಳ ಬಗ್ಗೆ, ಅದಕ್ಕೆ ಅಂಕ ಕೊಡುವ ಪದ್ಧತಿಯ ಬಗ್ಗೆ ಲೇಖನ ಸಿಕ್ಕಿತು. “ಅಕ್ಕಾ, ನಾನು ಕೈಯಲ್ಲಿ ನೋಡ್ತಿದ್ದಿದ್ದಕ್ಕೆ ಇಲ್ಲಿ ಸ್ಕೋರ್ ಇದೆ!” ಎಂದು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದ ನನ್ನನ್ನು ಫೋನ್ ಮಾಡಿ ಎಬ್ಬಿಸಿದಳು.

ನೀವು ಅವರ ಪೇಪರ್ ಬರೆದು ಕೊಡಬೇಡಿ. ಬೇರೆ ಯಾರಿಂದಲೋ, ಯಾವುದೋ ಸಾಫ್ಟ್‌ವೇರ್‌ನಿಂದಲೋ ಬರೆಸಿ ತಮ್ಮದೆಂದು ಕೊಡಲು ಬಿಡಬೇಡಿ. ಸಿಕ್ಕಿಬಿದ್ದರೆ ಕೋರ್ಸ್ ಹೋಗುತ್ತದೆ, ಹೆಸರೂ ಹೋಗುತ್ತದೆ. ವ್ಯಾಕರಣಕ್ಕೆ ಕಾಲೇಜಿನ ರೈಟಿಂಗ್ ಸೆಂಟರ್ ಇದೆ. ಗಡುವಿಗೆ ಮೂರು ದಿನ ಮೊದಲೇ ಅಲ್ಲಿಗೆ ಕಳಿಸುವ ಅಭ್ಯಾಸ ಮಾಡಿಸಿ.

ಹೆಜ್ಜೆ 8: ಮನೆ

ಸೇರುವ ಮೊದಲು ಮನೆಯವರ ಜೊತೆ ಕೂತು ಮಾತಾಡಲಿ. ಯಾವ ದಿನ ಅಡುಗೆ ಯಾರದು, ಮಕ್ಕಳನ್ನು ಕರೆತರುವವರು ಯಾರು, ಓದುವ ಹೊತ್ತಿನಲ್ಲಿ ಬಾಗಿಲು ಮುಚ್ಚಿರುತ್ತದೆ, ಇಷ್ಟು ಸ್ಪಷ್ಟವಾಗಲಿ. “ಎಲ್ಲಾ ನಾನೇ ನೋಡ್ಕೋತೀನಿ” ಎಂದು ಶುರು ಮಾಡಿದವರು ಎರಡನೇ ಕೋರ್ಸಿಗೆ ದಣಿಯುತ್ತಾರೆ.

ಹೆಜ್ಜೆ 9: ನಡುವೆ ನಿಂತರೆ

ನಿಲ್ಲುತ್ತಾರೆ. ಮನೆಯಲ್ಲಿ ಕಾಯಿಲೆ, ಊರಿಗೆ ಹೋಗಬೇಕಾದ ಕರೆ, ಏನಾದರೂ ಬರುತ್ತದೆ. ಸುಮ್ನೆ ಲಾಗಿನ್ ಆಗದೆ ಇದ್ದರೆ ಗ್ರೇಡ್ ಎಫ್ ಆಗುತ್ತದೆ, ಹಣವೂ ಹೋಗುತ್ತದೆ. ಅದರ ಬದಲು ಅಡ್ವೈಸರ್‌ಗೆ ಅಂದೇ ಮೇಲ್ ಹಾಕಿಸಿ. ಗಡುವಿನೊಳಗೆ ಅಧಿಕೃತವಾಗಿ ಹಿಂತೆಗೆಯುವುದು, ಕೆಲಸ ಬಹುಪಾಲು ಮುಗಿದಿದ್ದರೆ ‘ಇನ್‌ಕಂಪ್ಲೀಟ್’ ಕೇಳುವುದು, ಇಂಥ ದಾರಿಗಳಿವೆ. ನಿಂತವರನ್ನು ಮೂರು ತಿಂಗಳ ಮೇಲೆ ಒಂದು ಸಲ ಮಾತಾಡಿಸಿ. ಮೊದಲು ಮನೆಯವರ ಆರೋಗ್ಯ ಕೇಳಿ, ಕೋರ್ಸಿನ ಮಾತು ಆಮೇಲೆ.

ಹೆಜ್ಜೆ 10: ಪ್ರಾಕ್ಟಿಕಮ್ ಮತ್ತು ಆಮೇಲೆ

ಆರ್‌ಎನ್‌ಗಳ ಪದವಿ ಕೋರ್ಸಿನಲ್ಲಿ ಬೆಡ್‌ಸೈಡ್ ಕೆಲಸವನ್ನು ಮೊದಲಿಂದ ಕಲಿಸುವುದಿಲ್ಲ. ಸಮುದಾಯ ಆರೋಗ್ಯ, ನಾಯಕತ್ವ, ಕೊನೆಯಲ್ಲಿ ಒಂದು ಕ್ಯಾಪ್‌ಸ್ಟೋನ್ ಪ್ರಾಜೆಕ್ಟ್ ಇರುತ್ತದೆ. ಆ ಪ್ರಾಜೆಕ್ಟ್ ನಿಮ್ಮ ಯೂನಿಟ್‌ನ ನಿಜವಾದ ತೊಂದರೆಯ ಮೇಲೆ ಆಗುವಂತೆ ನೋಡಿಕೊಳ್ಳಿ. ಬೀಳುವ ರೋಗಿಗಳು, ಕ್ಯಾಥೆಟರ್ ಸೋಂಕು, ಡಿಸ್ಚಾರ್ಜ್ ಸಮಯದ ಗೊಂದಲ, ಯಾವುದಾದರೂ ಸರಿ. ಪ್ರಿಸೆಪ್ಟರ್ ಯಾರು, ಆಸ್ಪತ್ರೆ ಮತ್ತು ಕಾಲೇಜಿನ ನಡುವೆ ಒಪ್ಪಂದ ಇದೆಯಾ ಎಂಬುದನ್ನು ಒಂದು ಅವಧಿ ಮೊದಲೇ ಮುಗಿಸಿ. ಈ ಕಾಗದ ಪತ್ರಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಪದವಿ ಬಂದ ದಿನ ಎಚ್‌ಆರ್‌ನಲ್ಲಿ ದಾಖಲೆ ಬದಲಾಗಬೇಕು, ಸಂಬಳದಲ್ಲಿ ಸೇರುವುದಿದ್ದರೆ ಸೇರಬೇಕು, ಬ್ಯಾಡ್ಜ್ ಹೊಸದು ಬರಬೇಕು. ಇದನ್ನು ಅವರೇ ಓಡಾಡಿ ಮಾಡಿಸಿಕೊಳ್ಳುವಂತೆ ಬಿಡಬೇಡಿ.

ಅವಳ ಕ್ಯಾಪ್‌ಸ್ಟೋನ್ ಒಂದು ಪುಟದ ಚೆಕ್‌ಲಿಸ್ಟ್ ಆಯಿತು: ರಾತ್ರಿ ಪಾಳಿಯಲ್ಲಿ ಮಾನಿಟರ್ ಜೊತೆಗೆ ಚರ್ಮ, ಮೊಣಕಾಲು, ಬೆರಳು ತುದಿ ನೋಡುವ ಕ್ರಮ. ಈಗ ಅದು ಬ್ರೇಕ್ ರೂಮಿನಲ್ಲಿ, ನನ್ನ ಹಳೆಯ ಪೋಸ್ಟರ್ ಇದ್ದ ಜಾಗದಲ್ಲೇ ಇದೆ. ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ಬಿಎಸ್‌ಎನ್, ಆರ್‌ಎನ್. ಹೋದ ತಿಂಗಳು ಎಡಿಎನ್ ಮುಗಿಸಿ ಬಂದ ಹೊಸ ಹುಡುಗಿಯೊಬ್ಬಳು ಅದನ್ನು ಓದುತ್ತಾ ನಿಂತಿದ್ದಳು. ಚೆಕ್‌ಲಿಸ್ಟ್ ಬರೆದವಳೇ ಹೋಗಿ ಪಕ್ಕದ ಕುರ್ಚಿ ಎಳೆದು ಕೂತು, “ನಿನ್ನ ಟ್ರಾನ್ಸ್‌ಕ್ರಿಪ್ಟ್ ಯಾವ ಕಾಲೇಜಲ್ಲಿದೆ?” ಎಂದು ಕೇಳಿದಳು.